ರಬ್ಬರ್ ಉಂಗುರಕ್ಕೆ ಎರಡು ಹನಿ

ಆ ಬೀದಿಗೆ ಹೊಸದಾಗಿ ಬಂದವರು ಮೂಲೆಮನೆಯ ಗಂಡ ಹೆಂಡಿರ ಹೆಸರು ಕೇಳಿದ ಕೂಡಲೇ ಅಯ್ಯೋ ಪಾಪ ಎನ್ನುತ್ತಿದ್ದರು. ಎನ್ನದೆ ಇನ್ನೇನು? ಗಂಡನನ್ನು ಎಲ್ಲರೂ ಕರೆಯುತ್ತಿದ್ದುದು ಎಣ್ಣೆ ಮಾಸ್ತರ ಎಂದು, ಹೆಂಡತಿಯನ್ನು ಪ್ರೆಶರ್ ಅಕ್ಕ ಎಂದು. ಅವನು ಕುಡಿದು ಕುಡಿದೇ ಇವಳಿಗೆ ಬಿ.ಪಿ. ಏರಿರಬೇಕು ಎಂದು ತಾವೇ ತೀರ್ಮಾನಿಸಿಕೊಂಡು, ಎರಡು ದಿನ ಅವಳೊಡನೆ ಮೆತ್ತಗೆ ಮಾತಾಡುತ್ತಿದ್ದರು. ಮೂರನೆಯ ದಿನ ನಿಜ ಗೊತ್ತಾಗುತ್ತಿತ್ತು. ಮಾಸ್ತರ ಜನ್ಮದಲ್ಲಿ ಮುಟ್ಟಿದ ಎಣ್ಣೆಯೆಂದರೆ ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆ. ಅಕ್ಕನ ಪ್ರೆಶರ್ ಇದ್ದದ್ದು ಅವಳ ಕೈಯಲ್ಲಿದ್ದ ನೀರಿನ ಕೊಳವೆಯ ತುದಿಯಲ್ಲಿ.

ಮಾಸ್ತರ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಹೊಲಿಗೆ ಯಂತ್ರಗಳನ್ನು ನೋಡಿಕೊಂಡವನು. ಇನ್ನೂರು ಯಂತ್ರ, ಅಷ್ಟಕ್ಕೂ ಇವನೊಬ್ಬನೇ ವೈದ್ಯ. ಸಾಲಿನ ನಡುವೆ ಸುಮ್ಮನೆ ನಡೆದುಹೋದರೂ ಯಾವುದರ ಗಂಟಲು ಒಣಗಿದೆ ಎಂದು ಅವನ ಕಿವಿಗೆ ತಿಳಿದುಬಿಡುತ್ತಿತ್ತು. ಆ ಕಾರ್ಖಾನೆ ಮುಚ್ಚಿದ ದಿನ ಅವನು ಉದ್ದ ಮೂತಿಯ ಎಣ್ಣೆ ಡಬ್ಬಿಯನ್ನೂ, ಒಂದು ತಗಡಿನ ಡಬ್ಬದ ತುಂಬ ತಿರುಪು, ಸ್ಪ್ರಿಂಗು, ರಬ್ಬರ್ ಉಂಗುರಗಳನ್ನೂ ಹಿಡಿದು ಮನೆಗೆ ಬಂದ. ಅಂದಿನಿಂದ ಮನೆಯೇ ಕಾರ್ಖಾನೆ. ಬಾಗಿಲ ಕೀಲು, ಕಿಟಕಿಯ ಚಿಲಕ, ಕತ್ತರಿ, ಕೊಡೆ, ಯಾವುದನ್ನೂ ಅವನು ಬಿಡಲಿಲ್ಲ. ಒಂದೇ ಕಡೆ ಬಹಳ ಹೊತ್ತು ಕೂತರೆ ತನ್ನ ಮೊಣಕಾಲಿಗೂ ಎರಡು ಹನಿ ಬಿಟ್ಟಾನು ಎಂದು ಅವನ ತಾಯಿ ಹೆದರಿಕೊಂಡವರಂತೆ ನಟಿಸುತ್ತಿದ್ದರು. ಆ ಮನೆಯಲ್ಲಿ ಬಾಗಿಲಿಗೆ ಸದ್ದೇ ಇರಲಿಲ್ಲ. ಯಾರು ಬಂದರು, ಯಾರು ಹೋದರು ಎಂದು ಮುಖ ನೋಡಿಯೇ ತಿಳಿಯಬೇಕಾಗಿತ್ತು.

ನೀನೆಂದರೆ ನನಗೆ ಜೀವ ಎಂದೆಲ್ಲ ಹೇಳುವ ಪೈಕಿ ಅಲ್ಲ ಮಾಸ್ತರ. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಒಂದು ಸಲವೂ ಆ ಮಾತು ಅವನ ಬಾಯಿಂದ ಬಂದಿರಲಿಲ್ಲ. ಆದರೆ ಅಕ್ಕನ ಕೈಚೀಲದ ಜಿಪ್ಪು ಈ ಇಪ್ಪತ್ತೆಂಟು ವರ್ಷದಲ್ಲಿ ಒಂದು ಸಲವೂ ಸಿಕ್ಕಿಕೊಂಡಿರಲಿಲ್ಲ. ಅಕ್ಕನಿಗೆ ಅಷ್ಟು ಅರ್ಥವಾಗುತ್ತಿತ್ತು, ಅಷ್ಟು ಸಾಕೂ ಆಗಿತ್ತು.

ಅಕ್ಕನ ಕೆಲಸ ಶುರುವಾದದ್ದು ಆಕಸ್ಮಿಕವಾಗಿ. ಮಳೆಗಾಲ ಮುಗಿದ ಮೇಲೆ ಮನೆಯ ಮುಂದಿನ ಮೆಟ್ಟಿಲು ಪಾಚಿಗಟ್ಟಿ ಅತ್ತೆ ಜಾರಿ ಬಿದ್ದರು. ಸೊಂಟ ಉಳಿದದ್ದೇ ಪುಣ್ಯ. ಆ ವಾರವೇ ಅಕ್ಕ ನೀರನ್ನು ರಭಸದಿಂದ ಚಿಮ್ಮಿಸುವ, ಮನೆಬಳಕೆಯ ಒಂದು ಪ್ರೆಶರ್ ವಾಷರ್ ತಂದು ಮೆಟ್ಟಿಲು ತೊಳೆದಳು. ಕಪ್ಪು ಕಲ್ಲಿನ ಮೇಲೆ ನೀರು ಗೆರೆ ಎಳೆದಲ್ಲೆಲ್ಲ ಬೂದು ಬಣ್ಣದ ಹೊಸ ಕಲ್ಲು ಎದ್ದು ಬರುವುದನ್ನು ನೋಡಿ ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ತಮ್ಮ ಮೆಟ್ಟಿಲು ಮುಗಿದ ಮೇಲೆ ಕೇಳದೆಯೇ ಪಕ್ಕದ ಮನೆಯದನ್ನೂ ತೊಳೆದುಬಿಟ್ಟಳು. ಪಕ್ಕದ ಮನೆಯವರು ತಮ್ಮ ತಂಗಿಯ ಮನೆಗೆ ಕಳಿಸಿದರು. ತಂಗಿ ತನ್ನ ಆಫೀಸಿಗೆ ಕರೆದಳು. ಎರಡು ವರ್ಷದಲ್ಲಿ ಅಂಗಳ, ಗೋಡೆ, ತಾರಸಿ, ಕಾರು ನಿಲ್ಲಿಸುವ ಜಾಗ ಎಂದು ಅಕ್ಕನಿಗೆ ಪುರುಸೊತ್ತೇ ಇಲ್ಲದಂತಾಯಿತು. ಐವತ್ತರ ಹತ್ತಿರ ಬಂದ ಮೇಲೆ ತನ್ನದೂ ಒಂದು ಕೆಲಸ ಎನ್ನುವಂಥದ್ದು ಸಿಕ್ಕಿದ್ದು ಅವಳಿಗೇ ನಂಬಲಾಗದ ಸಂಗತಿ.

ಮನೆಬಳಕೆಯ ಪ್ರೆಶರ್ ವಾಷರಿನ ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು. ಪೆಟ್ಟಿಗೆಯ ಮೇಲಿನ ಚಿತ್ರ ನೋಡಿದರೆ ಬೆಟ್ಟವನ್ನೇ ತೊಳೆದು ಒಣಗಿಹಾಕುವ ಹಾಗಿರುತ್ತದೆ. ಬಿಚ್ಚಿ ನೋಡಿದರೆ ಇರುವುದು ಒಂದು ಪುಟ್ಟ ಮೋಟರು, ಒಂದು ಪುಟ್ಟ ಪಂಪು, ಸೇರುವಲ್ಲೆಲ್ಲ ನೀರು ಸೋರದಂತೆ ಹಿಡಿದಿಡುವ ನಾಲ್ಕಾರು ರಬ್ಬರ್ ಉಂಗುರ. ಉಂಗುರ ನೆಟ್ಟಗಿದ್ದರೆ ನೀರು ಪಾಚಿಯನ್ನು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿಯುತ್ತದೆ. ಒಂದೇ ಒಂದು ಉಂಗುರ ಮುನಿಸಿಕೊಂಡರೆ ಸಾಕು, ಒತ್ತಡ ಇಳಿದು ಯಂತ್ರ ಬಿಕ್ಕಳಿಸಲು ಶುರುಮಾಡುತ್ತದೆ.

ಅಕ್ಕನ ಯಂತ್ರಗಳು ಬಿಕ್ಕಳಿಸುತ್ತಲೇ ಇದ್ದವು. ಮೊದಲನೆಯದು ವರ್ಷ ತುಂಬುವ ಮೊದಲೇ ಕೈಕೊಟ್ಟಿತು. ಎರಡನೆಯದಕ್ಕೆ ಅಷ್ಟೂ ಆಯಸ್ಸಿರಲಿಲ್ಲ. ಮೂರನೆಯದು ಬಂದ ನಾಲ್ಕೇ ತಿಂಗಳಲ್ಲಿ ಮೂರು ಸಲ ಮಲಗಿ ಎದ್ದಿತ್ತು. ಬೀದಿಯಲ್ಲಿ ಪ್ರತಿಯೊಬ್ಬರಿಗೂ ಕಾರಣ ಗೊತ್ತಿತ್ತು. ಒಬ್ಬರು ಕರೆಂಟು ಸರಿಯಿಲ್ಲ ಎಂದರು, ಇನ್ನೊಬ್ಬರು ನೀರು ಗಡಸು ಎಂದರು, ಯಂತ್ರದ ತಂತಿಗೆ ಪ್ಲಗ್ ಸಿಕ್ಕಿಸಲು ಬಾರದವರೂ ತಯಾರಕರ ಮೋಸವನ್ನು ಬಿಡಿಸಿ ಹೇಳಿದರು. ಈಗಿನ ಮಾಲೇ ಹೀಗೆ ಎನ್ನುವುದು ಮಾಸ್ತರನ ತೀರ್ಪು.

ಹಾಗೆಂದು ಅವನು ಕೈಕಟ್ಟಿ ಕೂತವನಲ್ಲ. ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ಯಂತ್ರವನ್ನು ಬಿಚ್ಚಿ, ಒಂದೊಂದು ತಿರುಪನ್ನೂ ಬಿಚ್ಚಿದ ಕ್ರಮದಲ್ಲೇ ಸಾಲಾಗಿಟ್ಟು, ಹರಿದ ಉಂಗುರ ತೆಗೆದು ಹೊಸದು ಹಾಕಿ, ಮತ್ತೆ ಜೋಡಿಸುತ್ತಿದ್ದ. ಅಷ್ಟು ದಿನ ಊಟ ಎಲ್ಲರ ತೊಡೆಯ ಮೇಲೆ. ಊಟದ ಮೇಜಿನ ಮೇಲೆ ಊಟವೊಂದು ಬಿಟ್ಟು ಮಿಕ್ಕಿದ್ದೆಲ್ಲ ಇದೆ ಎಂದು ಅತ್ತೆ ಗೊಣಗುತ್ತಿದ್ದರು. ಆದರೂ ಮಗನ ಕೈಗೆ ಟಾರ್ಚು ಹಿಡಿಯುತ್ತಿದ್ದವರು ಅವರೇ.

ಯಂತ್ರ ಚೆನ್ನಾಗಿದ್ದ ದಿನಗಳಲ್ಲಿ ಸಂಜೆಗೊಂದು ಪದ್ಧತಿ ಇತ್ತು. ಅಕ್ಕ ಕೆಲಸ ಮುಗಿಸಿ ಬರುವ ಹೊತ್ತಿಗೆ ಮಾಸ್ತರ ಗೇಟಿನ ಹತ್ತಿರ ನಿಂತಿರುತ್ತಿದ್ದ. ಮೊದಲು ಅವಳ ಕೈಯಿಂದ ಯಂತ್ರ ಇಸಿದುಕೊಳ್ಳುತ್ತಿದ್ದ, ಆಮೇಲೆ ಚೀಲ. ಹಳೆಯ ಬನಿಯನ್ ಬಟ್ಟೆಯಲ್ಲಿ ಅದರ ಮೈಯೆಲ್ಲ ಒರೆಸಿ, ಪೈಪು ಬಿಚ್ಚಿ, ಒಂದೊಂದು ರಬ್ಬರ್ ಉಂಗುರಕ್ಕೂ ಉದ್ದ ಮೂತಿಯ ಡಬ್ಬಿಯಿಂದ ಎರಡೆರಡು ಹನಿ ಎಣ್ಣೆ ಬಿಡುತ್ತಿದ್ದ. ಅಕ್ಕ ಮೆಟ್ಟಿಲ ಮೇಲೆ ಕೂತು ಕಾಲು ಚಾಚಿ ಕಾಫಿ ಕುಡಿಯುತ್ತ ಅದನ್ನು ನೋಡುತ್ತಿದ್ದಳು. ಹೋದಲ್ಲೆಲ್ಲ ಪೈಪನ್ನು ಯಂತ್ರಕ್ಕೆ ಒತ್ತಿ ತಿರುಗಿಸಿ ತಿರುಗಿಸಿ ಅವಳ ಬಲ ಮಣಿಕಟ್ಟು ದಿನವಿಡೀ ಚುರುಚುರು ಎನ್ನುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅತ್ತೆ ನಾಳೆಯಿಂದ ಹೋಗಬೇಡ ಎನ್ನುತ್ತಿದ್ದರು. ಆ ಅರ್ಧ ಗಂಟೆಯಲ್ಲಿ ನೋವೂ ಮರೆಯುತ್ತಿತ್ತು. ದಿನದಲ್ಲಿ ಅವಳಿಗೆ ಎಲ್ಲಕ್ಕಿಂತ ಇಷ್ಟವಾದ ಹೊತ್ತು ಅದು.

ಹೀಗಿರುವಾಗ ದೊಡ್ಡ ಶಾಲೆಯ ಕೆಲಸ ಬಂತು. ಮೂರು ಕಟ್ಟಡ, ಎರಡು ಅಂಗಳ, ಸಭಾಂಗಣಕ್ಕೆ ಹತ್ತುವ ನಲವತ್ತು ಮೆಟ್ಟಿಲು. ಒಮ್ಮೆ ಒಪ್ಪಿಗೆಯಾದರೆ ವರ್ಷಪೂರ್ತಿ ಅವಳದೇ. ಮುಖ್ಯೋಪಾಧ್ಯಾಯಿನಿ ನಿಧಾನಸ್ಥೆ, ಸಣ್ಣ ದನಿಯವರು, ಆಡಿದ ಮಾತು ತಪ್ಪದವರು. ಗುರುವಾರ ಬೆಳಿಗ್ಗೆ ಮೆಟ್ಟಿಲು ಹೇಗಾಗುತ್ತಿದೆ ಎಂದು ನೋಡಲು ಅವರು ಬಂದು ನಿಂತದ್ದಕ್ಕೂ ಯಂತ್ರ ಬಿಕ್ಕಳಿಸಿದ್ದಕ್ಕೂ ಸರಿಹೋಯಿತು. ಒಂದು, ಎರಡು, ಮೂರನೆಯ ಬಿಕ್ಕಳಿಕೆಗೆ ಪೈಪು ಸೇರುವಲ್ಲಿ ಉಂಗುರ ಕಿತ್ತು, ನೀರು ಪಕ್ಕಕ್ಕೆ ಚಿಮ್ಮಿ ಅವರ ಕೈಯಲ್ಲಿದ್ದ ಫೈಲು, ಸೆರಗು, ಕನ್ನಡಕ ಎಲ್ಲಕ್ಕೂ ಒಂದೇ ಸಲ ಸ್ನಾನವಾಯಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಸೋಮವಾರ ಪೋಷಕರು ಬರ್ತಾರೆ. ಶನಿವಾರದೊಳಗೆ ಈ ಮೆಟ್ಟಿಲು ಆಗ್ಬೇಕು," ಎಂದರು. "ಮಷೀನು ಇನ್ನೊಂದು ಸಲ ನಿಂತ್ರೆ ನಾನು ಬೇರೆಯವರನ್ನ ಕರೀತೀನಿ. ಬೇಜಾರು ಮಾಡ್ಕೋಬೇಡಿ."

ಬೈದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು. ಬೇಜಾರು ಮಾಡ್ಕೋಬೇಡಿ ಎಂದದ್ದೇ ಅವಳ ಜೀವ ಹಿಂಡಿತು. ಯಂತ್ರ ಹೊತ್ತು ಹೊರಟವಳು ಬೀದಿ ಕವಲೊಡೆಯುವಲ್ಲಿ ಒಂದು ಗಳಿಗೆ ನಿಂತಳು. ಬಲಕ್ಕೆ ಹೋದರೆ ಮನೆ, ಊಟದ ಮೇಜು, ಹಾಸಿದ ಪೇಪರು. ಎಡಕ್ಕೆ ಹೋದರೆ ಪಂಪು ರಿಪೇರಿ ಅಂಗಡಿ. ಮನೆಯ ಯಂತ್ರವನ್ನು ಹೊರಗಿನವರ ಕೈಗೆ ಕೊಡುವುದೆಂದರೆ ಗಂಡನಿಗೆ ಬೆನ್ನು ತಿರುಗಿಸಿದ ಹಾಗೆ ಎಂದು ಅವಳಿಗೆ ಗೊತ್ತಿತ್ತು. ಎಡಕ್ಕೇ ಹೋದಳು.

ಪಂಪಿನ ಅಂಗಡಿ ನಡೆಸುತ್ತಿದ್ದವಳು ದಪ್ಪ ಕನ್ನಡಕದ, ತೋಳೇರಿಸಿದ ಅಂಗಿಯ ಹೆಂಗಸು. ಯಾರ ಮುಲಾಜೂ ಇಲ್ಲದವಳು. ಐದು ನಿಮಿಷದಲ್ಲಿ ಯಂತ್ರ ಬಿಚ್ಚಿ, ಒಂದು ಉಂಗುರ ಎತ್ತಿ ಬೆಳಕಿಗೆ ಹಿಡಿದಳು. ಅದರ ಪಕ್ಕಕ್ಕೆ ಹೊಸದೊಂದನ್ನು ಹಿಡಿದಳು. ಹಳೆಯದು ರಾತ್ರಿಯಿಡೀ ನೆನೆದ ಕಡಲೆಕಾಳಿನ ಹಾಗೆ ಊದಿ ಮೆತ್ತಗಾಗಿತ್ತು. ಮೂಗಿನ ಹತ್ತಿರ ಒಯ್ದು ಮೂಸಿದಳು.

"ಇದಕ್ಕೆ ಎಣ್ಣೆ ಹಾಕೋರು ಯಾರು?"

ಅಕ್ಕನೂ ಬಗ್ಗಿ ಮೂಸಿದಳು. ಆ ವಾಸನೆ ಅವಳ ಮನೆಯ ವಾಸನೆ, ಅವನ ಅಂಗಿಯ ತೋಳಿನ ವಾಸನೆ.

"ನಾನೇ," ಎಂದಳು.

ಅಂಗಡಿಯವಳು ಚೆನ್ನಾಗಿ ಬೆವರಿಳಿಸಿದಳು. ಈ ರಬ್ಬರಿಗೂ ಆ ಎಣ್ಣೆಗೂ ಆಗಿಬರುವುದಿಲ್ಲ, ಎಣ್ಣೆ ಕುಡಿದು ಉಂಗುರ ಊದುತ್ತದೆ, ಮೆತ್ತಗಾಗುತ್ತದೆ, ಒತ್ತಡ ಬಿದ್ದಾಗ ಹರಿಯುತ್ತದೆ, ಸುಮ್ಮನೆ ಬಿಟ್ಟಿದ್ದರೂ ವರ್ಷಗಟ್ಟಲೆ ಬರುತ್ತಿತ್ತು, ಬೇಕೇ ಬೇಕೆಂದರೆ ಉಗುರ ತುದಿಯಷ್ಟು ಸಿಲಿಕೋನ್ ಗ್ರೀಸು ಸವರಬೇಕು, ಅಷ್ಟೂ ತಿಳಿಯದವರು ಯಂತ್ರ ಯಾಕೆ ಇಟ್ಟುಕೊಳ್ಳಬೇಕು ಎಂದೆಲ್ಲ. ಎಣ್ಣೆ ಪಂಪಿನ ಒಳಗೂ ಇಳಿದು ಅಲ್ಲಿ ನೀರು ತಡೆಯುವ ಸೀಲುಗಳೂ ಹೋಗಿವೆ, ಇದನ್ನು ಇನ್ನು ಕಟ್ಟಿಕೊಂಡು ಒದ್ದಾಡಬೇಡ ಎಂದೂ ಹೇಳಿದಳು. ಅಕ್ಕ ಹೋಂವರ್ಕ್ ಮಾಡದ ಹುಡುಗಿಯ ಹಾಗೆ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡಳು. ಗಂಡನ ಪಾಲಿನ ಬೈಗುಳವನ್ನು ತಾನು ತಿನ್ನುವುದರಲ್ಲಿ ಅವಳಿಗೆ ಒಂದು ಬಗೆಯ ಸಮಾಧಾನವೇ ಇತ್ತು. ಕರೆಂಟೂ ಅಲ್ಲ, ಗಡಸು ನೀರೂ ಅಲ್ಲ, ತಯಾರಕರ ಮೋಸವೂ ಅಲ್ಲ. ಮೂರೂ ಯಂತ್ರಗಳನ್ನು ಕೊಂದದ್ದು ದಿನಕ್ಕೆ ಎರಡೆರಡು ಹನಿಯ ಪ್ರೀತಿ.

ಅಲ್ಲೇ ಇದ್ದ ಇನ್ನೊಂದು ಗಟ್ಟಿಮುಟ್ಟಾದ ಯಂತ್ರ ಕೊಂಡು, ಗ್ರೀಸಿನ ಚಿಕ್ಕ ಡಬ್ಬಿಯನ್ನೂ ಆ ಎರಡು ಉಂಗುರಗಳನ್ನೂ ಹಾಕಿಸಿಕೊಂಡು ಅಕ್ಕ ನೇರ ಶಾಲೆಗೆ ಹೋದಳು. ಹೊಸದನ್ನು ಶಾಲೆಯ ಉಗ್ರಾಣದಲ್ಲಿ ಇಟ್ಟು ಬೀಗ ಹಾಕಿಸಿದಳು. ಸಂಜೆ ಹಳೆಯದನ್ನು ಮಾತ್ರ ಹೊತ್ತು ಮನೆಗೆ ಬಂದಳು.

ಹೇಳಬೇಕೆಂದೇ ಬಂದದ್ದು. ಗೇಟಿನಲ್ಲಿ ಅವನು ಕೈ ಚಾಚಿ ಯಂತ್ರ ಇಸಿದುಕೊಂಡು, ಮತ್ತೆ ಕೆಟ್ಟಿತಾ ಎಂದು ಕೇಳಿದಾಗ ಅವನ ಮುಖದಲ್ಲಿ ಬೇಸರದ ಜೊತೆಗೆ ಸಣ್ಣದೊಂದು ಉತ್ಸಾಹವೂ ಇತ್ತು. ಇನ್ನೂರು ಯಂತ್ರ ಕಾಯುತ್ತಿದ್ದವನಿಗೆ ಈಗ ಕಾಯುವುದು ಇದೊಂದೇ. ಅದನ್ನು ಕೆಡಿಸಿದ್ದೂ ನೀವೇ ಎಂದು ಹೇಗೆ ಹೇಳುವುದು? ಶಾಲೆಯವರದೇ ಒಂದು ಮಷೀನು ಇದೆಯಂತೆ, ಅದರಲ್ಲೇ ಕೆಲಸ ಮಾಡಬೇಕಂತೆ, ಅದು ಅಲ್ಲಿಂದ ಆಚೆ ಬರುವ ಹಾಗಿಲ್ಲವಂತೆ ಎಂದು ಅಕ್ಕ ಒಂದಕ್ಕೆ ಮೂರು ಸುಳ್ಳು ಹೇಳಿದಳು.

ಶನಿವಾರ ಮಧ್ಯಾಹ್ನಕ್ಕೇ ನಲವತ್ತು ಮೆಟ್ಟಿಲೂ ಫಳಫಳ ಎಂದವು. ಮುಖ್ಯೋಪಾಧ್ಯಾಯಿನಿ ಚಪ್ಪಲಿ ಬಿಟ್ಟು ಹತ್ತಿ ಇಳಿದು ನೋಡಿ, ವರ್ಷದ ಕೆಲಸ ನಿಮಗೇ ಎಂದರು. ಸಿಹಿ ಸುದ್ದಿ ಹೊತ್ತು ಓಡಿ ಬಂದವಳಿಗೆ ಮನೆಯಲ್ಲಿ ಕಂಡದ್ದು ಮೇಜಿನ ಮೇಲೆ ಜೋಡಿಸಿಟ್ಟ ಹಳೆಯ ಯಂತ್ರ. ಎರಡು ದಿನ ಕೂತು ಮಾಸ್ತರ ಅದಕ್ಕೆ ಜೀವ ಬರಿಸಿದ್ದ. ಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಆಯ್ತು ನೋಡು. ಇನ್ನು ಅವರ ಮಷೀನು ಯಾಕೆ? ನಮ್ಮದೇ ತಗೊಂಡು ಹೋಗು," ಎಂದ.

"ಇರಲಿ ಬಿಡಿ," ಎಂದಳು ಅಕ್ಕ. "ಈಗ ಬೇಡ."

ಅವನು ಪೇಪರು ಮಡಿಸಿದ, ಮೇಜು ಒರೆಸಿದ, ಯಂತ್ರವನ್ನು ಒಯ್ದು ಮಹಡಿ ಮೆಟ್ಟಿಲ ಕೆಳಗೆ ಇಟ್ಟ. ಆ ದಿನ ಎಲ್ಲರೂ ಮೇಜಿನ ಮೇಲೇ ಊಟ ಮಾಡಿದರು.

ಆಮೇಲೂ ಸಂಜೆ ಅವನು ಗೇಟಿಗೆ ಬರುತ್ತಿದ್ದ. ಅಭ್ಯಾಸಬಲದಿಂದ ಎರಡೂ ಕೈ ಚಾಚುತ್ತಿದ್ದ, ಚೀಲಕ್ಕೆ ಒಂದೇ ಕೈ ಸಾಕೆಂದು ನೆನಪಾಗಿ ಇನ್ನೊಂದನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದ. ಮೊದಲ ವಾರ ಅದು ಹೇಗಿದೆ, ಅದನ್ನು ಯಾರು ಒರೆಸುತ್ತಾರೆ ಎಂದು ಕೇಳಿದ. ಯಾರೋ ಒರೆಸುತ್ತಾರೆ ಎಂದಳು. ಎರಡನೆಯ ವಾರ ಕೇಳಲಿಲ್ಲ. ಅಕ್ಕ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿದರೆ ನೋಡಲು ಎದುರಿಗೆ ಏನೂ ಇರುತ್ತಿರಲಿಲ್ಲ. ಕೆಲಸ ಉಳಿಯಿತು ಎಂದು ಖುಷಿಪಡಬೇಕಾದವಳು ಕಳ್ಳಿಯ ಹಾಗೆ ಕೂತಿರುತ್ತಿದ್ದಳು. ಇವತ್ತು ಹೇಳುತ್ತೇನೆ ಎಂದು ಬೆಳಿಗ್ಗೆ ಹೊರಡುವಾಗ ಅಂದುಕೊಳ್ಳುವುದು, ಸಂಜೆ ಆ ಒಂಟಿ ಕೈ ನೋಡಿ ಸುಮ್ಮನಾಗುವುದು, ಇದೇ ಆಯಿತು.

ಮೂರನೆಯ ಭಾನುವಾರ ಅಕ್ಕ ಬಟ್ಟೆ ಒಣಗಿಹಾಕಿ ಒಳಗೆ ಬರುವಾಗ ಬಾಗಿಲು ಕಿರ್ರ್ ಎಂದಿತು. ಅವಳು ನಿಂತಳು. ಮತ್ತೆ ತಳ್ಳಿ ನೋಡಿದಳು. ಮತ್ತೆ ಕಿರ್ರ್. ಒಳಗೆ ತರಕಾರಿ ಹೆಚ್ಚುತ್ತಿದ್ದ ಅತ್ತೆ ಕೈ ನಿಲ್ಲಿಸಿ ತಲೆಯೆತ್ತಿದರು.

"ಈ ಬಾಗಿಲಿಗೆ ದನಿ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ," ಎಂದರು. "ಅವನಿಗೆ ಏನು ಮಾಡಿದೆ ನೀನು?"

ಅಕ್ಕ ಎಣ್ಣೆ ಡಬ್ಬಿ ಇರುವ ಜಾಗಕ್ಕೆ ಹೋಗಿ ನೋಡಿದಳು. ಡಬ್ಬಿಯ ಉದ್ದ ಮೂತಿಯ ಮೇಲೆ ತೆಳ್ಳಗೆ ಧೂಳು ಕೂತಿತ್ತು. ಯಂತ್ರ ಉಳಿಸಲು ಹೋಗಿ ತಾನು ಮನುಷ್ಯನನ್ನೇ ಕೆಡಿಸಿ ಕೂತಿದ್ದೇನೆ ಎಂದು ಅವಳಿಗೆ ನಾಚಿಕೆಯಾಯಿತು.

ಸೋಮವಾರ ಸಂಜೆ ಅವಳು ಗಾಡಿ ಮಾಡಿಕೊಂಡು ಹೊಸ ಯಂತ್ರವನ್ನು ಮನೆಗೆ ತಂದಳು. ಗೇಟಿನಲ್ಲಿ ನಿಂತವನು ಎರಡೂ ಕೈ ಚಾಚಿದರೂ ಕೊಡಲಿಲ್ಲ. ತಾನೇ ಒಳಗೆ ಒಯ್ದು, ತಾನೇ ಊಟದ ಮೇಜಿನ ಮೇಲೆ ಪೇಪರು ಹಾಸಿ ಅದನ್ನು ಇಟ್ಟಳು. ಅದರ ಪಕ್ಕ ಊದಿದ ಉಂಗುರ, ಹೊಸ ಉಂಗುರ, ಗ್ರೀಸಿನ ಡಬ್ಬಿ. ಕುರ್ಚಿ ಎಳೆದು ಅವನನ್ನು ಕೂರಿಸಿ, ಪಂಪಿನ ಅಂಗಡಿಯಿಂದ ಹಿಡಿದು ಉಗ್ರಾಣದ ಬೀಗದವರೆಗೆ, ಹೇಳಿದ ಮೂರು ಸುಳ್ಳನ್ನೂ ಸೇರಿಸಿ, ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ನಿಮಗೆ ನೋವಾಗುತ್ತೆ ಅಂತ ಹೇಳಲಿಲ್ಲ, ಹೇಳದೆ ಅದಕ್ಕಿಂತ ನೋವು ಮಾಡಿದೆ ಎಂದೂ ಅಂದಳು.

ಮಾಸ್ತರ ಊದಿದ ಉಂಗುರವನ್ನು ಬೆರಳುಗಳ ನಡುವೆ ಹಿಡಿದು ಅಮುಕಿದ. ಎದ್ದು ಹೋಗಿ ತನ್ನ ತಗಡಿನ ಡಬ್ಬ ತಂದು, ಅದರಿಂದ ಇನ್ನೊಂದು ಚಿಕ್ಕ ಉಂಗುರ ಹುಡುಕಿ ತೆಗೆದು ಇದರ ಪಕ್ಕ ಇಟ್ಟ.

"ಹೊಲಿಗೆ ಮಷೀನಲ್ಲಿ ದಾರ ಸುತ್ತೋ ಚಕ್ರಕ್ಕೂ ಒಂದು ರಬ್ಬರ್ ಉಂಗುರ ಇರುತ್ತೆ," ಎಂದ. "ಕೆಲಸ ಕಲಿಯೋಕೆ ಬಂದವರಿಗೆ ಮೊದಲ ದಿನ ನಾನು ಹೇಳಿಕೊಡ್ತಿದ್ದ ಪಾಠ ಅದು. ಎಲ್ಲಿ ಬೇಕಾದ್ರೂ ಎಣ್ಣೆ ಬಿಡಿ, ಆ ರಬ್ಬರಿಗೆ ಮಾತ್ರ ತಾಗಿಸಬೇಡಿ ಅಂತ. ಮೂವತ್ತು ವರ್ಷ ಹೇಳಿದೀನಿ."

ಅಕ್ಕ ಅವನ ಮುಖ ನೋಡಿದಳು. ತಿಳಿಯದೆ ಮಾಡಿದ್ದು ಎಂದು ಇಷ್ಟು ದಿನ ಅಂದುಕೊಂಡಿದ್ದಳು.

"ಗೊತ್ತಿದ್ದೂ ಹಾಕಿದ್ರಾ?"

ಅವನು ಅವಳ ಕಡೆ ನೋಡದೆ, ಪೈಪು ಸೇರುವ ಜಾಗವನ್ನು ಹೆಬ್ಬೆರಳಿಂದ ಸವರುತ್ತ ಹೇಳಿದ.

"ಪೈಪು ಬಿಗಿ ಇತ್ತು. ನಮ್ಮ ಮೆಟ್ಟಿಲು ತೊಳೆಯೋವಾಗ ಅದನ್ನ ತಿರುಗಿಸಿದ ಮೇಲೆ ನೀನು ಕೈ ಕೊಡವ್ತಿದ್ದೆ, ನಾನು ನೋಡ್ತಿದ್ದೆ. ನೀನು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸುಲಭವಾಗಿ ಜಾರಲಿ ಅಂತ ಹಾಕಿದೆ. ಪಾಠ ಮರೆತೇಹೋಯ್ತು."

ಅಕ್ಕನಿಗೆ ಅಳು ಬಂತು. ತಡೆಯಲು ಹೋಗಲಿಲ್ಲ. ಮೂವತ್ತು ವರ್ಷದ ವಿದ್ಯೆ ತನ್ನ ಒಂದು ಮಣಿಕಟ್ಟಿನ ಮುಂದೆ ಮರೆತುಹೋದದ್ದನ್ನು ಯೋಚಿಸಿದಷ್ಟೂ ಅಳು ಹೆಚ್ಚಾಯಿತು. ಎರಡು ವರ್ಷದಿಂದ ಯಾರಿಗೂ ತೋರಿಸದ ಬಲಗೈಯನ್ನು ಮೇಜಿನ ಮೇಲೆ, ಉಂಗುರಗಳ ಪಕ್ಕದಲ್ಲಿ ಚಾಚಿದಳು.

"ಇಲ್ಲಿ," ಎಂದು ಎಡಗೈ ಬೆರಳಿಂದ ಜಾಗ ತೋರಿಸಿದಳು. "ಇಲ್ಲಿ ತುಂಬ ನೋಯತ್ತೆ ರೀ."

ಮಾಸ್ತರ ಅವಳ ಮಣಿಕಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಕೆಟ್ಟುಬಂದ ಯಂತ್ರಗಳನ್ನು ನೋಡುತ್ತಿದ್ದಷ್ಟೇ ಗಮನವಿಟ್ಟು ನೋಡಿದ. ಮೆಲ್ಲಗೆ ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸಿದ. ನಾಳೆಯಿಂದ ಬೆಳಿಗ್ಗೆ ತಾನೂ ಜೊತೆಗೆ ಬರುವುದಾಗಿಯೂ, ಪೈಪು ಹಾಕುವುದೂ ತೆಗೆಯುವುದೂ ತನ್ನ ಕೆಲಸವೆಂದೂ, ಗ್ರೀಸು ಉಗುರ ತುದಿಯಷ್ಟೇ ಸವರುವುದಾಗಿಯೂ ಹೇಳಿದ. ಹೇಳಿ ಮುಗಿದ ಮೇಲೂ ಅವಳ ಕೈ ಬಿಡಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಯಾವಾಗಿನಿಂದ ನಿಂತಿದ್ದರೋ ಏನೋ.

"ಅವಳ ಕೈಗೆ ಹಚ್ಚೋ ಬೇಕಾದ್ರೆ ನಿನ್ನ ಎಣ್ಣೆ," ಎಂದರು. "ಅದೇನು ರಬ್ಬರಲ್ಲ."

ಮಾಸ್ತರ ಎದ್ದು ಒಲೆಯ ಮೇಲೆ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಲು ಹೋದ. ಹೋಗುವ ದಾರಿಯಲ್ಲಿ ಉದ್ದ ಮೂತಿಯ ಡಬ್ಬಿಯ ಧೂಳು ಒರೆಸಿ, ಬಾಗಿಲ ಕೀಲಿಗೂ ಎರಡು ಹನಿ ಬಿಟ್ಟ.